ಸಿಕಲ್ ಸೆಲ್: ಕೈಕಾಲು ನೋವಿಗೆ ಸೇರಿದವನ ಎದೆ ಮೂರನೇ ದಿನ ಹಿಡಿದಾಗ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನನ್ನ ಅಕ್ಕನ ಮಗ ಸಿಂಧನೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದ. 80 ಕಿಲೋಮೀಟರಿಗೂ ಮೇಲಿನ ದಾರಿ. ಮಾನ್ವಿ ದಾಟುವಷ್ಟರಲ್ಲಿ ಬಾಟಲಿಯ ನೀರು ಮುಗಿದಿತ್ತು. ಮರುದಿನ ಹಾಸ್ಟೆಲಿನಲ್ಲಿ ತೊಡೆ, ಸೊಂಟ, ಬೆನ್ನು ಹಿಡಿದವು. ಗೆಳೆಯರು ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ಸಲೈನ್ ಹಾಕಿ, ನೋವಿಗೆ ಸೂಜಿ ಮಾಡಿದರು. ಎದೆಯ ಎಕ್ಸರೇಯನ್ನೂ ತೆಗೆದರು, ಅದರಲ್ಲಿ ಏನೂ ಇರಲಿಲ್ಲ. ಎರಡನೇ ದಿನ ಹಾಗೇ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಜ್ವರ ಬಂತು. ನಾನು ಹೋದಾಗ ಮಂಚದ ಮೇಲೆ ಬಗ್ಗಿ ಕೂತಿದ್ದ. "ಮಾವಾ, ಉಸಿರು ಪೂರಾ ಎಳಕೊಳ್ಳಾಕ ಆಗವಲ್ದು, ಎದಿ ಚುಚ್ಚತೈತಿ" ಅಂದ. ಇನ್ನೊಂದು ಎಕ್ಸರೇ ತೆಗೆದರು. ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು.

"ನ್ಯುಮೋನಿಯಾ" ಎಂದರು. ಅವನಿಗೆ ಸಿಕಲ್ ಸೆಲ್ ಎಂಬ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದೆ ಎಂದು ಹೇಳುವ ಕಾರ್ಡು ಸಿಂಧನೂರಿನಲ್ಲಿ ಅಕ್ಕನ ಟ್ರಂಕಿನಲ್ಲಿತ್ತು. ಆಸ್ಪತ್ರೆಯವರು ಕೇಳಿರಲಿಲ್ಲ, ಹುಡುಗನೂ ಹೇಳಿರಲಿಲ್ಲ. ಮೂರು ದಿನ ಅವನು ಬರೀ ಮೈಕೈ ನೋವಿನ ರೋಗಿಯಾಗಿದ್ದ. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ರಕ್ತ ಹಾಕಿದ ಮೇಲೆ ಉಳಿದುಕೊಂಡ. ಆ ವಾರದಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಓದಿದೆ, ವೈದ್ಯರನ್ನು ಕೇಳಿದೆ, ಮತ್ತೆ ಓದಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು: ನಮ್ಮ ಹುಡುಗನಿಗೆ ಆದದ್ದು ಅಪರೂಪದ ಅನಾಹುತವಲ್ಲ, ಆ ಮೂರನೇ ದಿನ ಬರುತ್ತದೆ ಎಂದು ವೈದ್ಯಶಾಸ್ತ್ರಕ್ಕೆ ಮೊದಲೇ ಗೊತ್ತಿತ್ತು.

ಈ ಸ್ಥಿತಿಗೆ ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಎಂದು ಹೆಸರು. ಸಿಕಲ್ ಸೆಲ್ ಇರುವವರ ಎಕ್ಸರೇಯಲ್ಲಿ ಹೊಸದಾಗಿ ಬಿಳಿ ನೆರಳು ಕಾಣಿಸಿಕೊಂಡು, ಜತೆಗೆ ಜ್ವರ, ಕೆಮ್ಮು, ಎದೆನೋವು, ಏದುಸಿರು, ಆಕ್ಸಿಜನ್ ಇಳಿತ ಇವುಗಳಲ್ಲಿ ಒಂದಾದರೂ ಇದ್ದರೆ ಅದು ಇದೇ. ಈ ಕಾಯಿಲೆಯವರು ಆಸ್ಪತ್ರೆ ಸೇರಲು ಮೊದಲ ಕಾರಣ ನೋವು, ಎರಡನೆಯದು ಈ ಎದೆಯ ತೊಂದರೆ. ಸಾವಿನ ಲೆಕ್ಕದಲ್ಲಿ ಇದು ಮುಂದಿನ ಸಾಲಿನಲ್ಲೇ ಇದೆ. ಅಮೆರಿಕದ 30 ಆಸ್ಪತ್ರೆಗಳು ಕೂಡಿ 538 ರೋಗಿಗಳ 671 ಪ್ರಸಂಗಗಳನ್ನು ಗಮನಿಸಿ 2000ನೇ ಇಸವಿಯಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ಅದರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಗೆ ಬಂದದ್ದು ಎದೆಯ ತೊಂದರೆಗಲ್ಲ, ಬೇರೆ ಕಾರಣಕ್ಕೆ, ಹೆಚ್ಚಾಗಿ ನೋವಿಗೆ. ಎದೆ ಹಿಡಿದದ್ದು ಸೇರಿದ ಮೇಲೆ, ಸರಾಸರಿ ಎರಡೂವರೆ ದಿನಕ್ಕೆ. ಶೇ 13ರಷ್ಟು ಮಂದಿಗೆ ವೆಂಟಿಲೇಟರ್ ಬೇಕಾಯಿತು, ಶೇ 3ರಷ್ಟು ಮಂದಿ ತೀರಿಕೊಂಡರು. 20 ವರ್ಷ ದಾಟಿದವರಿಗೆ ಕಾಯಿಲೆ ಚಿಕ್ಕ ಮಕ್ಕಳಿಗಿಂತ ಬಿರುಸಾಗಿತ್ತು.

ಎರಡೂವರೆ ದಿನ ಎಂಬ ಆ ಅಂಕಿಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ವಾರ್ಡಿನಲ್ಲಿ, ಡಾಕ್ಟರ, ನರ್ಸಮ್ಮನ ಕಣ್ಣೆದುರಿಗೇ ಇರುವ ಕಾಲ.

ತೊಡೆಯ ನೋವಿಗೂ ಎದೆಗೂ ಏನು ಸಂಬಂಧ? ಸಿಕಲ್ ಸೆಲ್ ಇರುವವರ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್. ಆಕ್ಸಿಜನ್ ಬಿಟ್ಟುಕೊಟ್ಟ ಕೂಡಲೇ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದ ಕಡ್ಡಿಯಾಗುತ್ತದೆ. ಮೆತ್ತಗೆ ಬಾಗಿ ಸಾಗಬೇಕಾದ ಕೆಂಪು ಕಣ ಕುಡಗೋಲಿನ ಆಕಾರಕ್ಕೆ ಬಿರುಸಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಲುಬಿನೊಳಗೆ ಹಾಗೆ ಸಿಕ್ಕಿಕೊಂಡಾಗ ಅಸ್ಥಿಮಜ್ಜೆಯ ಒಂದು ಭಾಗ ರಕ್ತವಿಲ್ಲದೆ ಸಾಯುತ್ತದೆ. ಆ ಜೀವ ಹಿಂಡುವ ನೋವು ಅಲ್ಲಿಂದಲೇ ಬರುವುದು. ಸತ್ತ ಮಜ್ಜೆಯ ಕೊಬ್ಬಿನ ತುಣುಕುಗಳು ರಕ್ತದಲ್ಲಿ ತೇಲಿ ನೇರ ಶ್ವಾಸಕೋಶಕ್ಕೆ ಹೋಗಿ ಕೂರುತ್ತವೆ. ತೊಡೆಯ ನೋವು ಎದೆಗೆ ಹೋಗುವ ಒಂದು ದಾರಿ ಇದು. ಇನ್ನೊಂದು ಇದಕ್ಕಿಂತ ಸರಳ: ಪಕ್ಕೆಲುಬು, ಬೆನ್ನು ನೋಯುತ್ತಿರುವವನು ಆಳವಾಗಿ ಉಸಿರೆಳೆಯುವುದಿಲ್ಲ. ನೋವಿನ ಔಷಧಿಯ ಮಂಪರಿನಲ್ಲಿ ಇನ್ನೂ ಕಡಿಮೆ ಎಳೆಯುತ್ತಾನೆ. ಶ್ವಾಸಕೋಶದ ತಳಭಾಗಕ್ಕೆ ಗಾಳಿ ಮುಟ್ಟುವುದಿಲ್ಲ. ಮೂರನೆಯದು ಸೋಂಕು.

ಯಾವ ದಾರಿಯಲ್ಲಿ ಶುರುವಾದರೂ ಮುಂದಿನದು ಒಂದೇ. ಮೈಯ ಬೇರೆ ಕಡೆ ಆಕ್ಸಿಜನ್ ಕಳೆದುಕೊಂಡ ಕಣಕ್ಕೆ ಮತ್ತೆ ಉಸಿರು ತುಂಬುವ ಜಾಗವೇ ಶ್ವಾಸಕೋಶ. ಅಲ್ಲೇ ಗಾಳಿ ಇಲ್ಲದಿದ್ದರೆ ಕಣ ಕುಡಗೋಲಾಗಿಯೇ ಉಳಿಯುತ್ತದೆ. ಅದರ ಮೇಲೆ ಶ್ವಾಸಕೋಶದ ರಕ್ತನಾಳಗಳಿಗೆ ಇನ್ನೊಂದು ಗುಣವಿದೆ, ಆಕ್ಸಿಜನ್ ಕಡಿಮೆಯಾದ ಕಡೆ ಅವು ಬಿಗಿದುಕೊಳ್ಳುತ್ತವೆ. ಬಿಗಿದ ನಾಳದಲ್ಲಿ ಬಿರುಸಾದ ಕಣ ಸಿಕ್ಕಿಬಿದ್ದು ಇನ್ನಷ್ಟು ಜಾಗ ಮುಚ್ಚುತ್ತದೆ, ಆಕ್ಸಿಜನ್ ಇನ್ನಷ್ಟು ಇಳಿಯುತ್ತದೆ. ಬೆಳಿಗ್ಗೆ ಮಾತಾಡುತ್ತಿದ್ದ ಹುಡುಗ ರಾತ್ರಿ ಐಸಿಯುನಲ್ಲಿ ಇರುವುದು ಹೀಗೆ.

ಸಿಕಲ್ ಸೆಲ್ಲಿನ ಚರಿತ್ರೆ ಶುರುವಾಗುವುದೇ ಒಬ್ಬ ಯುವಕನ ಎದೆಯಿಂದ ಎಂಬುದು ಓದುವಾಗ ತಿಳಿಯಿತು. ವಾಲ್ಟರ್ ಕ್ಲೆಮೆಂಟ್ ನೊಯೆಲ್ ಗ್ರೆನಡಾ ದ್ವೀಪದಿಂದ ಷಿಕಾಗೋಗೆ ದಂತವೈದ್ಯ ಓದಲು ಹೋದ ಹುಡುಗ. 1904ರ ಕೊನೆಯಲ್ಲಿ ಕೆಮ್ಮು, ಜ್ವರ ಎಂದು ಆಸ್ಪತ್ರೆ ಸೇರಿದ. ಅವನ ರಕ್ತದಲ್ಲಿ ಕಂಡ ಕುಡಗೋಲಿನಾಕಾರದ ಕಣಗಳ ಬಗ್ಗೆ ಜೇಮ್ಸ್ ಹೆರಿಕ್ 1910ರಲ್ಲಿ ಬರೆದರು. ನೊಯೆಲ್ ಊರಿಗೆ ಮರಳಿ ದಂತವೈದ್ಯನಾಗಿ ದುಡಿದು, 1916ರಲ್ಲಿ ತೀರಿಕೊಂಡ. ದಾಖಲಾದ ಕಾರಣ ನ್ಯುಮೋನಿಯಾ. ನೂರು ವರ್ಷ ಕಳೆದ ಮೇಲೂ ನಮ್ಮ ಹುಡುಗನ ಕೇಸ್ ಪೇಪರಿನ ಮೇಲೆ ಅದೇ ಪದ ಬರೆದದ್ದನ್ನು ನೆನೆದರೆ ಸಂಕಟವಾಗುತ್ತದೆ.

ಯಾಕೆಂದರೆ ಹೆಸರಿನ ಮೇಲೆ ಚಿಕಿತ್ಸೆ ನಿಂತಿದೆ. ಬರೀ ನ್ಯುಮೋನಿಯಾ ಎಂದುಕೊಂಡರೆ ಆಂಟಿಬಯಾಟಿಕ್ ಕೊಟ್ಟು ಕಾಯುತ್ತಾರೆ. ನಮ್ಮ ಕಡೆ ಇನ್ನೊಂದು ತಪ್ಪಿಗೂ ಅವಕಾಶವಿದೆ: ತೆಳ್ಳನೆಯ ಹುಡುಗ, ಜ್ವರ, ಕೆಮ್ಮು, ಎಕ್ಸರೇಯಲ್ಲಿ ನೆರಳು ಎಂದರೆ ಮೊದಲು ಹೊಳೆಯುವುದು ಟಿಬಿ. ಟಿಬಿ ಪರೀಕ್ಷೆ ಮಾಡಲೇಬೇಕು, ಅದು ಸರಿ. ಆದರೆ ಕಫದ ವರದಿ ಬರುವ ತನಕ ಸಿಕಲ್ ಸೆಲ್ಲಿನ ಎದೆ ಕಾಯುವುದಿಲ್ಲ. ಕಣ್ಣು ಹಳದಿಯಾಗಿದ್ದರೆ ಮನೆಯವರು "ಕಾಮಣಿ ಆಗೈತಿ" ಎಂದು ನಾಟಿ ಔಷಧಿಗೆ ಕರೆದೊಯ್ದು ಒಂದು ದಿನ ಕಳೆಯುವುದೂ ಉಂಟು. ಸಿಕಲ್ ಕಣಗಳು 120 ದಿನ ಬಾಳುವ ಬದಲು 10ರಿಂದ 20 ದಿನಕ್ಕೇ ಒಡೆಯುವುದರಿಂದ ಆ ಹಳದಿ ಬಣ್ಣ ಬರುತ್ತದೆ.

ಈಗ ಚಿಕಿತ್ಸೆಗೆ ಬರುತ್ತೇನೆ. ಎದೆ ಹಿಡಿಯದ ಹಾಗೆ ತಡೆಯುವ ಅತಿ ಸರಳ ಉಪಾಯ ಒಂದು ಪ್ಲಾಸ್ಟಿಕ್ ಸಾಮಾನು. ಮೂರು ಗೋಲಿ ಇರುವ ಸ್ಪೈರೋಮೀಟರ್, ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಿಗೆ ಬಂದದ್ದೇ ಅದು. ನಳಿಗೆ ಬಾಯಿಗಿಟ್ಟು ಉಸಿರು ಎಳೆದರೆ ಗೋಲಿ ಮೇಲೇಳುತ್ತದೆ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎದೆ ಅಥವಾ ಬೆನ್ನು ನೋವಿಗೆ ಸೇರಿದ 8ರಿಂದ 21 ವರ್ಷದ ಸಿಕಲ್ ಸೆಲ್ ರೋಗಿಗಳಿಗೆ ಬೆಳಿಗ್ಗೆ 8ರಿಂದ ರಾತ್ರಿ 10ರ ತನಕ ಎರಡು ತಾಸಿಗೊಮ್ಮೆ ಹತ್ತು ಸಲ ಆಳವಾಗಿ ಉಸಿರೆಳೆಸಿದರು. ಹಾಗೆ ಮಾಡಿದ 19 ದಾಖಲಾತಿಗಳಲ್ಲಿ ಒಂದರಲ್ಲಿ ಮಾತ್ರ ಶ್ವಾಸಕೋಶದ ತೊಂದರೆ ಬಂತು. ಮಾಡದ 19ರಲ್ಲಿ ಎಂಟರಲ್ಲಿ ಬಂತು. ಪ್ರಯೋಗ ಚಿಕ್ಕದು, ನಿಜ. ಆದರೆ ಅಂತರ ನೋಡಿ. ಇದಕ್ಕೆ ಐಸಿಯು ಬೇಡ, ಬೆಂಗಳೂರು ಬೇಡ, ಎರಡು ತಾಸಿಗೊಮ್ಮೆ ನೆನಪಿಸುವ ಒಬ್ಬರು ಬೇಕು. ಆ ಕೆಲಸ ತಾಯಿಯೂ ಮಾಡಬಹುದು, ಹಾಸ್ಟೆಲಿನ ಗೆಳೆಯನೂ ಮಾಡಬಹುದು.

ನೋವು ಇಳಿಯದೆ ಆ ಉಸಿರು ಸಾಧ್ಯವಿಲ್ಲ ಎಂಬುದನ್ನು ಇದರ ಜತೆಗೇ ಹೇಳಬೇಕು. "ಇಷ್ಟು ಸಣ್ಣ ವಯಸ್ಸಿನವನು ಇಷ್ಟು ಚೀರುತ್ತಾನಲ್ಲ" ಎಂಬ ಮಾತನ್ನು ಆ ವಾರ್ಡಿನಲ್ಲಿ ನಾನು ಕೇಳಿದೆ. ಸಿಕಲ್ ಸೆಲ್ಲಿನ ನೋವಿಗೆ ಹಲವು ಬಾರಿ ಮಾರ್ಫಿನ್ನೇ ಬೇಕಾಗುತ್ತದೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಸರಳ ಮಾಡಿದ್ದಾರೆ. ಕಡಿಮೆ ಕೊಟ್ಟರೆ ರೋಗಿ ನೋವಿಗೆ ಹೆದರಿ ಉಸಿರು ಎಳೆಯುವುದಿಲ್ಲ, ಹೆಚ್ಚು ಕೊಟ್ಟರೆ ಮಂಪರಿನಲ್ಲಿ ಎಳೆಯುವುದಿಲ್ಲ. ಇದರ ನಡುವೆ ಅಳತೆ ಹಿಡಿಯುವುದೇ ವೈದ್ಯರ ಕೈಚಳಕ.

ಸಲೈನ್ ಬಗ್ಗೆ ನಮ್ಮ ಜನರಿಗಿರುವ ನಂಬಿಕೆಯನ್ನೂ ಇಲ್ಲಿ ಪ್ರಶ್ನಿಸಬೇಕು. "ಎರಡು ಬಾಟ್ಲಿ ಹಚ್ಚ್ರಿ ಡಾಕ್ಟ್ರ" ಎಂದು ನಾವೇ ಕೇಳುತ್ತೇವೆ. ನೀರು ಆರಿದ ಮೈಗೆ ದ್ರವ ಬೇಕು. ಆದರೆ ಅಗತ್ಯ ಮೀರಿ ಹರಿಸಿದರೆ ಮೊದಲೇ ಸೋರುತ್ತಿರುವ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಬಾಯಿಂದ ಕುಡಿಯಲು ಆಗುವವನಿಗೆ ಬಾಯಿಂದಲೇ ಕೊಡುವುದು ಒಳ್ಳೆಯದು.

ಎದೆ ಹಿಡಿದ ಮೇಲೆ ಆಕ್ಸಿಜನ್ ಮಟ್ಟ 95ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳುವುದು ಮೊದಲ ಕೆಲಸ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ಅಂಕಿಯ ಜತೆ ಹುಡುಗನ ಮುಖವನ್ನೂ ನೋಡಬೇಕು. ಆಂಟಿಬಯಾಟಿಕ್ ಎರಡು ಬಗೆಯದು ಬೇಕು, ರಕ್ತನಾಳದ ಮೂಲಕ ಸೆಫಲೋಸ್ಪೋರಿನ್, ಅದರ ಜತೆ ಅಝಿತ್ರೋಮೈಸಿನ್ ಥರದ್ದು. ಮೈಕೋಪ್ಲಾಸ್ಮಾ, ಕ್ಲಮೈಡಿಯಾ ಜಾತಿಯ ಸೂಕ್ಷ್ಮಾಣುಗಳು ಈ ರೋಗಿಗಳಲ್ಲಿ ಹೆಚ್ಚಾಗಿ ಸಿಗುತ್ತವೆ, ಅವು ಸೆಫಲೋಸ್ಪೋರಿನ್ನಿಗೆ ಬಗ್ಗುವುದಿಲ್ಲ. ಉಬ್ಬಸ ಇದ್ದರೆ ಅದರ ಔಷಧಿ. ಸ್ಟಿರಾಯ್ಡ್ ಕೊಟ್ಟರೆ ಒಂದೆರಡು ದಿನ ಹಾಯೆನಿಸಬಹುದು, ನಿಲ್ಲಿಸಿದ ಮೇಲೆ ನೋವು ಮರುಕಳಿಸಿ ಮತ್ತೆ ಆಸ್ಪತ್ರೆ ಸೇರಿದ ಉದಾಹರಣೆಗಳು ಬಹಳ ಇರುವುದರಿಂದ ಅದನ್ನು ಸುಮ್ಮನೆ ಕೊಡುವಂತಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಔಷಧಿ ರಕ್ತ. ಅದರಲ್ಲೂ ಲೆಕ್ಕವಿದೆ. ರೋಗಿಯ ಎಂದಿನ ಹಿಮೋಗ್ಲೋಬಿನ್ನಿಗಿಂತ ಒಂದು ಗ್ರಾಮಿಗೂ ಹೆಚ್ಚು ಇಳಿದಿದ್ದರೆ ರಕ್ತ ಹಾಕುತ್ತಾರೆ. ಎಂದಿನ ಮಟ್ಟ ಎಷ್ಟು ಎಂದು ಗೊತ್ತಿರಬೇಕಾದ್ದು ಇದಕ್ಕೇ. ನಮ್ಮ ಹುಡುಗನದು ಎಂಟು ಗ್ರಾಂ ಎಂದು ಆಗ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಹತ್ತು ಗ್ರಾಂ ದಾಟಿಸಲೂ ಬಾರದು, ಸಿಕಲ್ ಕಣಗಳಿರುವ ರಕ್ತ ಗಟ್ಟಿಯಾದರೆ ಹೊಸ ತೊಂದರೆ. ಆಕ್ಸಿಜನ್ ಕೊಟ್ಟರೂ ಮಟ್ಟ 90ಕ್ಕಿಂತ ಕೆಳಗೇ ಇದ್ದರೆ, ಏದುಸಿರು ಏರುತ್ತಿದ್ದರೆ, ಎಕ್ಸರೇಯ ನೆರಳು ಹರಡುತ್ತಿದ್ದರೆ ರಕ್ತ ಹಾಕುವುದು ಸಾಲದು, ಬದಲಿಸಬೇಕು. ಅವನ ರಕ್ತ ತೆಗೆದು ದಾನಿಗಳ ರಕ್ತ ಕೊಡುವ ಕ್ರಮ ಅದು. ಯಂತ್ರ ಇದ್ದರೆ ಸಲೀಸು. ಯಂತ್ರವಿಲ್ಲದೆಯೂ ಒಂದು ಕಡೆ ಸ್ವಲ್ಪ ಸ್ವಲ್ಪ ತೆಗೆದು ಇನ್ನೊಂದು ಕಡೆ ಕೊಡುತ್ತ, ಗೊತ್ತಿರುವ ವೈದ್ಯರು ಕೈಯಿಂದಲೇ ಮಾಡುತ್ತಾರೆ. ಅದಕ್ಕೆ ಹಲವು ಬಾಟಲಿ ರಕ್ತ ಒಂದೇ ಗುಂಪಿನದು, ಒಂದೇ ರಾತ್ರಿ ಬೇಕು. ಸಾಧ್ಯವಾದರೆ ಎ, ಬಿ, ಓ ಅಷ್ಟೇ ಅಲ್ಲದೆ ರಕ್ತದ ಉಪಗುಂಪುಗಳನ್ನೂ ಹೊಂದಿಸಬೇಕು, ಇಲ್ಲವಾದರೆ ಮುಂದೊಂದು ದಿನ ಹೊಂದುವ ರಕ್ತವೇ ಸಿಗದಂತಾಗಬಹುದು. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸಿಂಧನೂರು, ಲಿಂಗಸುಗೂರು, ಕುಷ್ಟಗಿಯ ತಾಲೂಕು ಆಸ್ಪತ್ರೆಯಿಂದ ರೋಗಿ ಹೊರಡುವ ಹೊತ್ತಿಗೇ ಅಲ್ಲಿಗೆ ಫೋನ್ ಹೋಗಿ ರಕ್ತ ಹೊಂದಿಸುವ ಕೆಲಸ ಶುರುವಾದರೆ ದಾರಿಯ ಆ ಎರಡು ತಾಸು ಉಳಿಯುತ್ತದೆ.

ಆದರೆ ಫೋನ್ ಮಾಡಲು ಮೊದಲು ಅನುಮಾನ ಬರಬೇಕಲ್ಲ! ಸಿಕಲ್ ಸೆಲ್ ಎಂದರೆ ಕಾಡಿನ ಜನರ ಕಾಯಿಲೆ ಎಂಬ ತಿಳಿವಳಿಕೆ ನಮ್ಮ ಭಾಗದಲ್ಲಿ ಆಳವಾಗಿ ಕೂತಿದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಬುಡಕಟ್ಟು ಸಮುದಾಯಗಳಲ್ಲಿ ಹೊರೆ ಹೆಚ್ಚು ಎಂಬುದು ನಿಜ. ಆದರೆ ವಿದರ್ಭದಲ್ಲಿ ಪರಿಶಿಷ್ಟ ಜಾತಿ, ಹಿಂದುಳಿದ ಜಾತಿಗಳ ಎಷ್ಟೋ ಮನೆಗಳಲ್ಲಿ ಇದು ಇದೆ. ತೋರಣಗಲ್ಲಿನ ಉಕ್ಕಿನ ಕೆಲಸಕ್ಕೆ ಹೊರರಾಜ್ಯಗಳಿಂದ ಜನ ಬರುತ್ತಾರೆ, ಒಡಿಶಾ, ಛತ್ತೀಸಗಢಗಳು ಈ ಕಾಯಿಲೆ ಹೆಚ್ಚಾಗಿರುವ ರಾಜ್ಯಗಳು. ತಂದೆ ತಾಯಿಯಲ್ಲಿ ಒಬ್ಬರಿಂದ ಸಿಕಲ್, ಇನ್ನೊಬ್ಬರಿಂದ ಹಿಮೋಗ್ಲೋಬಿನ್ನಿನದೇ ಇನ್ನೊಂದು ದೋಷವಾದ ಥಲಸ್ಸೇಮಿಯಾ ಬಂದರೂ ಮಗುವಿಗೆ ಇದೇ ಥರದ ಕಾಯಿಲೆ. ನಾವು ಕಾಡು ಕಂಡವರಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಯವರು. ಅಕ್ಕ ಮತ್ತು ಭಾವನವರದು ಸೋದರಿಕೆಯ ಮದುವೆ. ಇಬ್ಬರಲ್ಲೂ ಅರ್ಧ ಪಾಲು, ಅಂದರೆ ತಮಗೆ ಕಾಯಿಲೆ ತಾರದೆ ಮಕ್ಕಳಿಗೆ ದಾಟಬಲ್ಲ ಒಂದು ಸಿಕಲ್ ವಂಶವಾಹಿ ಇತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ನಾನೂ ಪರೀಕ್ಷೆ ಮಾಡಿಸಿದೆ, ನನ್ನಲ್ಲೂ ಇದೆ. ನನಗೆ ಯಾವ ತೊಂದರೆಯೂ ಇಲ್ಲ, ಆದರೆ ನನ್ನ ಮಕ್ಕಳ ಮದುವೆ ಗೊತ್ತು ಮಾಡುವಾಗ ಬೀಗರ ಕಡೆಯೂ ಪರೀಕ್ಷೆ ಆಗಬೇಕು ಎಂದು ನಾನು ಈಗಲೇ ಮನೆಯಲ್ಲಿ ಹೇಳಿಟ್ಟಿದ್ದೇನೆ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ಕ್ಕೆ ನಿರ್ಮೂಲನೆ ಎಂಬುದು ಗುರಿ. ಕರ್ನಾಟಕವೂ ಅದರಲ್ಲಿದೆ. ತಪಾಸಣೆ ಬೇಕೇ ಬೇಕು, ನಾನು ಅದರ ಪರ. ಆದರೆ ಕಾರ್ಡು ಕೈಗೆ ಕೊಟ್ಟ ದಿನವೇ "ಕೈಕಾಲು ನೋವೆಂದು ಆಸ್ಪತ್ರೆ ಸೇರಿದರೆ ಮೊದಲು ಈ ಕಾರ್ಡು ತೋರಿಸಿ, ಎದೆ ನೋಡಲು ಹೇಳಿ" ಎಂಬ ಒಂದು ಮಾತನ್ನು ಅಕ್ಕನಿಗೆ ಯಾರಾದರೂ ಹೇಳಿದ್ದರೆ ಅದು ಟ್ರಂಕಿನ ತಳಕ್ಕೆ ಹೋಗುತ್ತಿರಲಿಲ್ಲ.

ತಡೆಯುವ ಔಷಧಿಯೂ ಇದೆ, ಹೈಡ್ರಾಕ್ಸಿಯೂರಿಯಾ. ಮೈಯಲ್ಲಿ ಕೂಸಿನ ಕಾಲದ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡಿ ಕಣಗಳು ಬಿರುಸಾಗುವುದನ್ನು ತಗ್ಗಿಸುತ್ತದೆ. 1995ರಲ್ಲಿ ಪ್ರಕಟವಾದ 299 ವಯಸ್ಕರ ಪ್ರಯೋಗದಲ್ಲಿ, ಇದನ್ನು ತೆಗೆದುಕೊಂಡವರಲ್ಲಿ 25 ಮಂದಿಗೆ ಎದೆ ಹಿಡಿಯಿತು, ಔಷಧಿಯೇ ಇಲ್ಲದ ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ 51 ಮಂದಿಗೆ. ದುಬಾರಿ ಔಷಧಿಯಲ್ಲ, ದಿನಕ್ಕೊಮ್ಮೆ ನುಂಗಿದರೆ ಸಾಕು. ನಮ್ಮ ಹುಡುಗನಿಗೆ ಹದಿನಾಲ್ಕನೇ ವಯಸ್ಸಿನಲ್ಲಿ ಶುರು ಮಾಡಿದ್ದರು. ಪಿಯುಸಿಗೆ ಬಂದ ಮೇಲೆ ತಾನೇ ಬಿಟ್ಟುಬಿಟ್ಟ. ಕೇಳಿದರೆ, "ಅದು ಕ್ಯಾನ್ಸರಿನ ಗುಳಗಿ ಅಂತ ಮೊಬೈಲ್‌ನಾಗ ಐತಿ" ಎಂದ. ಕೆಲವು ರಕ್ತದ ಕ್ಯಾನ್ಸರುಗಳಿಗೂ ಅದನ್ನೇ ಕೊಡುತ್ತಾರೆ, ಸುಳ್ಳೇನಲ್ಲ. ಆಗಾಗ ರಕ್ತಕಣಗಳ ಎಣಿಕೆ ಮಾಡಿಸಬೇಕು, ವೀರ್ಯಾಣುಗಳ ಸಂಖ್ಯೆ ಇಳಿಯಬಹುದು, ಗರ್ಭಿಣಿಯಾಗಲು ಬಯಸುವ ಹೆಣ್ಣುಮಗಳು ಮೊದಲೇ ವೈದ್ಯರ ಜತೆ ಮಾತಾಡಬೇಕು. ಇದನ್ನೆಲ್ಲ ಹದಿನೇಳರ ಹುಡುಗನ ಎದುರು ಕೂತು ಮರ್ಯಾದೆಯಿಂದ ಹೇಳುವವರು ಇದ್ದಿದ್ದರೆ ಅವನು ಮೊಬೈಲ್ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವನು ಮಕ್ಕಳ ವಾರ್ಡಿನ ವಯಸ್ಸು ದಾಟಿದ್ದ, ದೊಡ್ಡವರ ವಿಭಾಗದಲ್ಲಿ ಯಾರಿಗೂ ಅವನ ಗುರುತಿರಲಿಲ್ಲ. ಅಮೆರಿಕದ ಡಲ್ಲಾಸ್‌ನಲ್ಲಿ ಹುಟ್ಟಿನಿಂದ ಹಿಂಬಾಲಿಸಿ ನೋಡಿದ ರೋಗಿಗಳಲ್ಲೂ ಸಾವುಗಳು ಹದಿನೆಂಟರ ನಂತರ, ಮಕ್ಕಳ ವೈದ್ಯರ ಕೈಬಿಟ್ಟ ಹೊಸದರಲ್ಲೇ ಹೆಚ್ಚು ಕಂಡವು.

ಈ ವಯಸ್ಸಿನವರಿಗೆ ಇನ್ನೊಂದು ಕೊರತೆಯೂ ಇದೆ. ನ್ಯುಮೋಕಾಕಲ್ ಲಸಿಕೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ, ದೇಶವೆಲ್ಲ ಹರಡಿದ್ದು 2021ರಲ್ಲಿ. ಈಗಿನ ಕೂಸುಗಳಿಗೆ ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು ಪುಕ್ಕಟೆ ಸಿಗುತ್ತದೆ. ಇವತ್ತು ಕಾಲೇಜಿನಲ್ಲಿರುವ ಸಿಕಲ್ ಸೆಲ್ ಹುಡುಗ ಹುಡುಗಿಯರು ಆ ಸರದಿ ಬರುವ ಮೊದಲೇ ದೊಡ್ಡವರಾದವರು. ಈ ಕಾಯಿಲೆಯಲ್ಲಿ ಸೋಂಕು ತಡೆಯುವ ಗುಲ್ಮ (ಸ್ಪ್ಲೀನ್) ಬಾಲ್ಯದಲ್ಲೇ ಕೆಲಸ ನಿಲ್ಲಿಸುವುದರಿಂದ ಅವರಿಗೇ ಅದು ಹೆಚ್ಚು ಬೇಕು. ಕೈಯಿಂದ ದುಡ್ಡು ಕೊಟ್ಟಾದರೂ ಹಾಕಿಸುವುದು ಲೇಸು, ಸರ್ಕಾರ ಕೊಟ್ಟರೆ ನ್ಯಾಯ.

ಗಾಳಿಯ ಮಾತು ಬಿಡುವಂತಿಲ್ಲ. ದಮ್ಮು (ಅಸ್ತಮಾ) ಇರುವ ಸಿಕಲ್ ಸೆಲ್ ರೋಗಿಗೆ ಎದೆ ಹಿಡಿಯುವ ಸಂಭವ ಇಲ್ಲದವನಿಗಿಂತ ಹೆಚ್ಚು, ಹೊಗೆ ದೂಳು ದಮ್ಮನ್ನು ಕೆರಳಿಸುತ್ತವೆ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಬಳ್ಳಾರಿ ಕಡೆ ಕುಡತಿನಿಯಲ್ಲಿ ಉರಿಯುತ್ತಿದೆ, ಕೊಪ್ಪಳದ ಗಿಣಿಗೇರಾ ಸುತ್ತ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ದೂಳು, ಸುಗ್ಗಿ ಮುಗಿದ ಮೇಲೆ ಹುಲ್ಲು ಸುಡುವ ಹೊಗೆ. ಇಂಥ ಊರುಗಳ ಸಿಕಲ್ ಸೆಲ್ ಮಕ್ಕಳಿಗೆ ದಮ್ಮು ಇದೆಯೇ ಎಂದು ವರ್ಷಕ್ಕೊಮ್ಮೆ ಊದಿಸಿ ನೋಡುವುದು ದೊಡ್ಡ ಖರ್ಚಲ್ಲ.

ಒಮ್ಮೆ ಎದೆ ಹಿಡಿದವನಿಗೆ ಮತ್ತೊಮ್ಮೆ ಹಿಡಿಯುವ ಭಯವಿದೆ. ವರ್ಷಗಳು ಕಳೆದಂತೆ ಕೆಲವರ ಶ್ವಾಸಕೋಶದ ರಕ್ತನಾಳಗಳಲ್ಲೇ ಒತ್ತಡ ಏರಿ ಹೃದಯದ ಬಲಭಾಗ ಸೋಲುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಬಾವು ಕಂಡಾಗ ತಡವಾಗಿರುತ್ತದೆ, ಅದಕ್ಕೂ ಮೊದಲೇ ಎಕೋ (ಹೃದಯದ ಸ್ಕ್ಯಾನ್) ಮಾಡಿ ನೋಡಬೇಕು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು, ಆ ಬೇಡಿಕೆಗೆ ನನ್ನ ದನಿಯೂ ಇದೆ. ಆದರೆ ಅದು ಬರುವ ತನಕ ಕಾಯಬೇಕಿಲ್ಲದ ಕೆಲಸವೊಂದಿದೆ. ಮೂರೂ ವೈದ್ಯಕೀಯ ಕಾಲೇಜುಗಳಲ್ಲಿ ವಾರಕ್ಕೊಂದು ದಿನ, ಒಂದು ಕೋಣೆ, ಹದಿನಾಲ್ಕರಿಂದ ಮೂವತ್ತರ ಸಿಕಲ್ ಸೆಲ್ ರೋಗಿಗಳಿಗೆಂದೇ ಇರಲಿ. ಮಕ್ಕಳ ವೈದ್ಯರು, ದೊಡ್ಡವರ ವೈದ್ಯರು ಅಲ್ಲಿ ಒಟ್ಟಿಗೆ ಕೂರಲಿ. ಹೈಡ್ರಾಕ್ಸಿಯೂರಿಯಾ, ಎಣಿಕೆ, ಲಸಿಕೆ, ಎಕೋ ಅಲ್ಲೇ ಆಗಲಿ. ಎಂದಿನ ಹಿಮೋಗ್ಲೋಬಿನ್, ಎಂದಿನ ಆಕ್ಸಿಜನ್ ಮಟ್ಟ, ರಕ್ತದ ಉಪಗುಂಪು ಕಾರ್ಡಿನ ಹಿಂದೆ ಬರೆದಿರಲಿ.

ಸದ್ಯಕ್ಕೆ ನಮ್ಮ ಹುಡುಗ ಮೂರು ತಿಂಗಳಿಗೊಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ತೋರಿಸಿಕೊಳ್ಳಲು ಹೋಗುತ್ತಾನೆ. ನೀರು ಚೆನ್ನಾಗಿ ಕುಡಿಯಬೇಕು ಎಂಬುದು ಅಲ್ಲಿಯ ವೈದ್ಯರು ಪ್ರತಿ ಸಲ ಹೇಳುವ ಮೊದಲ ಮಾತು. ಬಸ್ಸು ನಡುವೆ ಒಂದೇ ಕಡೆ ನಿಲ್ಲಿಸುತ್ತಾರೆ ಎಂದು ಅವನು ಸಂಜೆಯಿಂದಲೇ ನೀರು ಬಿಟ್ಟು ಕೂತಿರುತ್ತಾನೆ.